ಹನ್ನೊಂದು ತಂಬಿಗೆ

ನಮ್ಮ ಹೊಲಕ್ಕೆ ಕರೆಂಟು ಬಂದಿಲ್ಲ. ಕೊನೆಯ ಕಂಬ ಪಕ್ಕದ ಹೊಲದ ಬದುವಿನಲ್ಲಿ ನಿಂತು, ಕರೆದರೆ ಮಾತ್ರ ಬರುವ ಬಿಗುಮಾನದ ನೆಂಟನ ಹಾಗೆ ಇಪ್ಪತ್ತು ವರ್ಷದಿಂದ ನಮ್ಮ ಕಡೆ ನೋಡುತ್ತಿದೆ. ಅಪ್ಪನೂ ಕರೆಯಲಿಲ್ಲ, ಅದೂ ಬರಲಿಲ್ಲ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಬಂಡಿ ಜಾಡು ಹಿಡಿದು ಅರ್ಧ ತಾಸು ನಡೆದರೆ ಒಂದು ಹುಣಸೆಮರ; ಮರದ ಮಗ್ಗುಲಿಗೆ ತಗಡು ಹೊದಿಸಿದ ಒಂದೇ ಅಂಕಣದ ಮನೆ. ಅವ್ವ ಹೋದ ಮೇಲೆ ಅಪ್ಪ ಊರಮನೆಯ ಬೀಗದ ಕೈ ನನ್ನ ತಮ್ಮನಿಗೆ ಒಪ್ಪಿಸಿ ಅಲ್ಲಿಗೆ ಹೋಗಿ ಸೇರಿಕೊಂಡ. ಶೇಂಗಾ ಕಾಯಬೇಕು ಎಂಬುದು ಹೇಳಿದ ನೆಪ. ಶೇಂಗಾ ಕಿತ್ತು, ಸುಲಿದು, ಮಾರಿ, ಹೊಲ ಬಟ್ಟಬಯಲಾದ ಬೇಸಿಗೆಯಲ್ಲೂ ಅಪ್ಪ ಕಾಯುತ್ತಲೇ ಇದ್ದ. ಏನನ್ನು ಎಂದು ನಾವು ಕೇಳಲಿಲ್ಲ.

ಮನೆಯ ಹಿಂದೆ ಬಚ್ಚಲು. ಬಚ್ಚಲು ಅಂದರೆ ಒಂದು ಚಪ್ಪಡಿಗಲ್ಲು, ಮೂರು ಕಡೆ ತೆಂಗಿನ ಗರಿಯ ತಡಿಕೆ, ನಾಲ್ಕನೆಯ ಕಡೆ ದೂರದ ಗುಡ್ಡ. ಕಲ್ಲಿನಿಂದ ಹರಿದ ನೀರು ಹೋಗಿ ಸೇರುವಲ್ಲಿ ಒಂದು ಕರಿಬೇವಿನ ಗಿಡ. ಅಪ್ಪನ ಸ್ನಾನಕ್ಕೆ ಒಂದು ಕೊಡ ನೀರು, ಕೊಟ್ಟೂರು ತೇರಿನಲ್ಲಿ ಕೊಂಡ ಒಂದು ಹಿತ್ತಾಳೆ ತಂಬಿಗೆ. ಆ ಕೊಡಕ್ಕೆ ಸರಿಯಾಗಿ ಹನ್ನೊಂದು ತಂಬಿಗೆ. ತಲೆಗೆ ಮೂರು, ಎರಡು ಹೆಗಲಿಗೆ ಎರಡೆರಡು, ಬೆನ್ನಿಗೆ ಎರಡು, ಕಾಲಿಗೆ ಒಂದು. ಹನ್ನೊಂದನೆಯದು ಕರಿಬೇವಿಗೆ.

"ಮೈ ತೊಳೆದ ನೀರೆಲ್ಲ ಅಲ್ಲಿಗೇ ಹರಿದು ಹೋಗ್ತೈತಲ್ಲಪ್ಪಾ, ಮತ್ಯಾಕೆ ಬೇರೆ ತಂಬಿಗಿ?" ಎಂದು ಒಮ್ಮೆ ಕೇಳಿದ್ದೆ.

"ಚೆಲ್ಲಿದ ನೀರು ಬೇರೆ, ಕೊಟ್ಟ ನೀರು ಬೇರೆ," ಎಂದಿದ್ದ.

ನೀರಿನ ವಿಷಯದಲ್ಲಿ ನಮ್ಮ ಸೀಮೆಯವರು ಜಿಪುಣರೆಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದಿಲ್ಲ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿಂತಿತು, ಹಿನ್ನೀರು ಹಗರಿಬೊಮ್ಮನಹಳ್ಳಿ ಸೀಮೆಯ ಹೊಲಗಳಿಗೂ ಬಂತು. ಕೂಡ್ಲಿಗಿಯ ಎತ್ತರ ಮಾತ್ರ ಏರಲಿಲ್ಲ. ನೀರು ಇಳಿಯುವ ಜಾತಿ, ಏರುವ ಜಾತಿಯಲ್ಲ. ಹೀಗಾಗಿ ನಮ್ಮಲ್ಲಿ ನೀರಿಗೆ ಲೆಕ್ಕ ಇತ್ತು, ಸ್ನಾನಕ್ಕೆ ವಾರ ಇತ್ತು. ಸೋಮವಾರ ಹಂಡೆಗೆ ಉರಿ ಹಾಕಿ, ಅಜ್ಜಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ನೀರೆರೆಯುತ್ತಿದ್ದಳು. ಆಕೆಯ ಅಂಗೈ ಬೆನ್ನಿಗೆ ತಾಗಿದರೆ ತೆಂಗಿನ ನಾರು ಬೇಕಿರಲಿಲ್ಲ. ಕಣ್ಣಿಗೆ ಸೀಗೆಪುಡಿ ಹೋಯಿತೆಂದು ಅತ್ತರೆ, ಅಳುವ ನೀರಲ್ಲಿ ಅದೂ ತೊಳೆದು ಹೋಗುತ್ತೆ ಬಿಡು ಎಂದು ಅಲ್ಲಿಯೂ ಒಂದು ತಂಬಿಗೆ ಉಳಿಸುತ್ತಿದ್ದಳು.

ನಾನು ಬೆಂಗಳೂರು ಸೇರಿ, ಗೋಡೆಯೊಳಗಿಂದ ಬರುವ ನೀರಿಗೆ ಒಗ್ಗಿಹೋಗಿ ಬಹಳ ಕಾಲವಾಗಿತ್ತು. ಅಷ್ಟರಲ್ಲಿ ಅಪ್ಪನ ಬಲಹೆಗಲು ಹಿಡಿದುಕೊಂಡಿತು. ತೋಳು ಎದೆಯ ಮಟ್ಟಕ್ಕೆ ಬಂದು ಅಲ್ಲಿಗೇ ನಿಂತುಬಿಡುತ್ತಿತ್ತು. ಡಾಕ್ಟರು, ಕೈ ಮೇಲೆತ್ತಬೇಡ ಅಜ್ಜ ಎಂದರಂತೆ. ಎತ್ತಾಕೆ ಆಗಿದ್ರೆ ನಿನ್ನ ಹತ್ರ ಯಾಕೆ ಬರ್ತಿದ್ದೆ ಎಂದು ಇವನು ಕೇಳಿ ಬಂದನಂತೆ. ತಲೆಯ ಮೂರು ತಂಬಿಗೆ ನಿಂತುಹೋಗಿವೆ ಎಂದು ತಮ್ಮ ಫೋನು ಮಾಡಿದ. ನಾನು ರಜೆ ಹಾಕಿ, ಹೊಳೆಯುವ ಒಂದು ಶವರ್ ಕೊಂಡು, ಮಗನನ್ನೂ ಕಟ್ಟಿಕೊಂಡು ಊರಿಗೆ ಹೊರಟೆ. ಮಗನಾಗಿ ಅಪ್ಪನಿಗೆ ನಾನು ಮಾಡಿದ ದೊಡ್ಡ ಉಪಕಾರವಾಗಿ ಅದು ಉಳಿಯಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

ಹಗರಿಬೊಮ್ಮನಹಳ್ಳಿಯಲ್ಲಿ ಇನ್ನೂರು ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಸಿಕ್ಕಿತು. ತುಂಬಿದರೆ ಇನ್ನೂರು ಕಿಲೋ. ತಡಿಕೆ ತಡೆಯುವ ಭಾರವಲ್ಲ. ನಾಲ್ಕು ಕಲ್ಲುಕಂಬ ನೆಟ್ಟು ಮೇಲೆ ಚಪ್ಪಡಿ ಹಾಸಿದೆವು. ನೀರಿಗೆ ಪಕ್ಕದ ಹೊಲದ ಬೋರು: ತ್ರೀಫೇಸ್ ಕೊಡುವ ನಾಲ್ಕು ತಾಸಿನಲ್ಲಿ ಅವರ ಪೈಪಿನ ಬಾಯಿ ನಮ್ಮ ಡ್ರಮ್ಮಿಗೆ, ವರ್ಷಕ್ಕೊಮ್ಮೆ ನಮ್ಮ ಮರದ ಒಂದು ಚೀಲ ಹುಣಸೆಹಣ್ಣು ಅವರ ಮನೆಗೆ. ಬಿಸಿಲಿಗೆ ನೀರು ಕಾಯಲೆಂದು ಡ್ರಮ್ಮಿಗೆ ಕರಿಬಣ್ಣ ಬಳಿದೆ. ಕಟ್ಟಿಗೆ ಬೇಡ, ಕರೆಂಟು ಬೇಡ, ಸೂರ್ಯನೇ ಹಂಡೆ ಎಂದು ನಾನು ವಿವರಿಸುವಾಗ ಅಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಯಾರದೋ ಮನೆಯ ಗೃಹಪ್ರವೇಶ ನೋಡುವವನಂತೆ ನೋಡುತ್ತಿದ್ದ.

ಡ್ರಮ್ಮಿಗೆ ತೂತು ಕೊರೆದು ನಲ್ಲಿ ಕೂರಿಸಲು ಹರಪನಹಳ್ಳಿಯಿಂದ ಸೋದರಮಾವ ಬಂದ. ಈ ಮಾವ, ಕೂತ ಕಟ್ಟೆ ಬಿಟ್ಟು ಏಳದೆ ಜಿಲ್ಲೆ ಜಿಲ್ಲೆ ತಿರುಗಿದವನು. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ, 1997ರಲ್ಲಿ ದಾವಣಗೆರೆಯವನಾದ, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದ, 2021ರಲ್ಲಿ ವಿಜಯನಗರದವನಾದ. "ನಾನು ಎಲ್ಲಿಗೂ ಹೋಗ್ಲಿಲ್ಲಪ್ಪ, ಜಿಲ್ಲೆಗಳೇ ನನ್ನ ನೋಡಾಕೆ ಬಂದು ಹೋದ್ವು," ಎನ್ನುತ್ತಾನೆ. ಏಣಿ ಹತ್ತಿ ಚಪ್ಪಡಿಯ ಮೇಲೆ ನಿಂತವನಿಗೆ ಏನನ್ನಿಸಿತೋ, ಒಂದು ಕೈ ಮುಗಿಲಿಗೆ ಎತ್ತಿ, "ಸದ್ದಲೇ!" ಎಂದು ಕೂಗಿದ.

ಹಡಗಲಿ ತಾಲೂಕಿನ ಮೈಲಾರದ ಜಾತ್ರೆ ನೋಡಿದವರಿಗೆ ಆ ಕೂಗು ಗೊತ್ತು. ಗೊರವಯ್ಯ ಬಿಲ್ಲು ಏರಿ ಹಾಗೆ ಕೂಗಿದೊಡನೆ ಲಕ್ಷ ಜನ ಉಸಿರು ಹಿಡಿಯುತ್ತಾರೆ. ಆಮೇಲೆ ಒಂದೇ ಒಂದು ಮಾತು, ಅದೇ ವರ್ಷದ ಮಳೆಬೆಳೆಯ ಕಾರ್ಣಿಕ. ನಮ್ಮ ಹೊಲದಲ್ಲಿ ಉಸಿರು ಹಿಡಿಯಲು ನಾನು, ನನ್ನ ಮಗ ಮತ್ತು ಒಂದು ಎಮ್ಮೆ ಇದ್ದೆವು. "ಡ್ರಮ್ಮಿನೊಳಗೆ ಮುಂಗಾರು ಕಟ್ಟೀತಲೇ ಪರಾಕ್!" ಎಂದ ಮಾವ. ನುಡಿ ಮುಗಿದೊಡನೆ ಗೊರವಯ್ಯ ಕೈಬಿಟ್ಟು ಹಿಂದಕ್ಕೆ ಬೀಳುವುದು, ಕೆಳಗಿನ ಭಕ್ತರು ಹಿಡಿದುಕೊಳ್ಳುವುದು ಅಲ್ಲಿನ ಪದ್ಧತಿ. ಮಾವ ಅದೊಂದನ್ನು ಕೈಬಿಟ್ಟು, ಏಣಿ ಗಟ್ಟಿಯಾಗಿ ಹಿಡಿ ಎಂದು ನನಗೆ ಮೂರು ಸಲ ಹೇಳಿ ಇಳಿದ.

ಕಾರ್ಣಿಕ ಸುಳ್ಳಾಯಿತು. ನಲ್ಲಿ ತಿರುವಿದರೆ ನನ್ನ ಬೆಂಗಳೂರಿನ ಶವರ್ ಅತ್ತಿತು. ಸುರಿಯಲಿಲ್ಲ, ಹನಿಯಲಿಲ್ಲ, ಬರೀ ಅತ್ತಿತು. ತಪ್ಪು ಶವರಿನದಲ್ಲ. ಹತ್ತು ಮೀಟರ್ ಎತ್ತರದಲ್ಲಿ ನೀರಿದ್ದರೆ ಕೆಳಗೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ನಮ್ಮ ಡ್ರಮ್ಮು ತಲೆಯಿಂದ ಒಂದೇ ಮೀಟರ್ ಮೇಲೆ. ಆ ಕೂದಲೆಳೆಯ ತೂತುಗಳಿಂದ ನೀರನ್ನು ಹೊರದಬ್ಬಲು ನೂರು ಗ್ರಾಂ ಒತ್ತಡ ಎಲ್ಲಿ ಸಾಕು? ಏಳನೇ ಮಹಡಿಯ ನೆತ್ತಿಯ ಟ್ಯಾಂಕಿನ ಸೊಕ್ಕಿನಲ್ಲಿ ಬೆಳೆದ ವಸ್ತು ಅದು. ಕೊನೆಗೆ ದಾರಿ ತೋರಿಸಿದವಳು ಹಡಗಲಿಗೆ ಕೊಟ್ಟ ಅಕ್ಕ. ಅವರದು ಮಲ್ಲಿಗೆ ತೋಟ. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯ ಎಳೆ ಸಸಿಗಳಿಗೆ ನೀರುಣಿಸಿ ಮುಪ್ಪಾದ ಒಂದು ತಗಡಿನ ಝಾರಿ ಆಕೆಯ ಅಟ್ಟದಲ್ಲಿತ್ತು. ಅದರ ಜರಡಿ ಮೂತಿಯನ್ನು ಕತ್ತರಿಸಿ, ಮುಕ್ಕಾಲು ಇಂಚಿನ ಪೈಪಿಗೆ ಸಿಕ್ಕಿಸಿ, ನಲ್ಲಿ ತಿರುವಿದೆವು. ಸಸಿಗೆ ನೋವಾಗದಂತೆ ಎರೆದು ರೂಢಿಯಾದ ಮೂತಿ. ಅಷ್ಟೇ ಮೆತ್ತಗೆ, ಅಷ್ಟೇ ಅಗಲಕ್ಕೆ ನೀರು ಬಿತ್ತು.

ಅಪ್ಪ ಬಂದು ಕತ್ತೆತ್ತಿ ನೋಡಿದ. ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ತೂಗುವ ಧಾರಾಪಾತ್ರೆ ನೆನಪಾಗಿರಬೇಕು. "ನನ್ನ ಲಿಂಗ ಮಾಡಿಬಿಟ್ರಲ್ಲೋ," ಎಂದ. ಆಮೇಲೆ ಸ್ವಲ್ಪ ತಡೆದು, "ಉಜ್ಜಿನಿ ಗುಡಿ ಶಿಖರಕ್ಕೂ ವರ್ಷಾ ಎಣ್ಣಿ ಎರಿತಾರೆ. ಮ್ಯಾಲೆ ಹತ್ತಿ ಎರಿಯೋರು ಇರ್ತಾರೆ. ಶಿಖರ ತಾನೇ ಎರಕೊಳ್ಳಂಗಿಲ್ಲ," ಎಂದ.

ಆ ಮಾತನ್ನು ನಾನು ಆಗ ಹೊಗಳಿಕೆ ಎಂದುಕೊಂಡೆ. ರಾತ್ರಿ ಹೊರಸಿನ ಮೇಲೆ ಮಲಗಿ ನಕ್ಷತ್ರ ನೋಡುವಾಗ ಬೇರೆ ಏನೋ ಕೇಳಿಸಿತು. ನಮ್ಮ ಕಡೆ ಸ್ನಾನ ಎಂಬ ಮಾತು ಪುರಾಣ ಹೇಳುವವರ ಬಾಯಲ್ಲಿ ಮಾತ್ರ. ಉಳಿದವರದ್ದು ಎರೆಯುವುದು, ಎರಕೊಳ್ಳುವುದು. ಕೂಸಿಗೆ ಎರೆಯುತ್ತಾರೆ, ಬಾಣಂತಿಗೆ ಎರೆಯುತ್ತಾರೆ, ಮದುಮಗನಿಗೆ ಸುರಗಿಯ ನೀರು ಎರೆಯುತ್ತಾರೆ. ಕೊನೆಯ ಸಲವೂ ಯಾರೋ ಎರೆಯುತ್ತಾರೆ. ನಡುವಿನ ನಾಲ್ಕು ದಿನ ಮಾತ್ರ ನಾವೇ ಎರಕೊಳ್ಳುತ್ತೇವೆ, ಅದೂ ಬೇರೆಯವರ ಕೈ ಖಾಲಿ ಇಲ್ಲದ್ದರಿಂದ. ಶವರಿಗೆ ಇಂಥದೊಂದು ಕ್ರಿಯಾಪದವೇ ಇಲ್ಲ. ಮೊದಲೇ ಹೊಳೆದಿದ್ದರೆ ಡ್ರಮ್ಮಿನ ದುಡ್ಡಾದರೂ ಉಳಿಯುತ್ತಿತ್ತು.

ಮಾರನೆಯ ದಿನವೇ ತಕರಾರು. ಹೊತ್ತು ಹುಟ್ಟುವ ಮುಂಚೆ ಮೈ ತೊಳೆದು ವಿಭೂತಿ ಧರಿಸುವುದು ಅಪ್ಪನ ಜೀವಮಾನದ ನೇಮ. ಸೂರ್ಯನ ಹಂಡೆಯಲ್ಲಿ ನೀರು ಕಾಯುವುದು ಮಧ್ಯಾಹ್ನ ಮೂರಕ್ಕೆ. ಬೆಳಗ್ಗೆ ಐದಕ್ಕೆ ಅದರಲ್ಲಿ ಇರುವುದು ರಾತ್ರಿಯ ಥಂಡಿ. "ನಿಮ್ಮ ಸೂರ್ಯ ಎದ್ದು ನೀರು ಕಾಯಿಸೋತನಕ ನನ್ನ ಲಿಂಗಪ್ಪ ಉಪವಾಸ ಇರ್ಬೇಕೇನು?" ಎಂದ. ನನ್ನ ಮಗನ ಚಿಂತೆಯೇ ಬೇರೆ. ಗುಡೇಕೋಟೆಯ ಕರಡಿಧಾಮ ನಮ್ಮದೇ ತಾಲೂಕಿನಲ್ಲಿದೆ ಎಂದು ಅವನಿಗೆ ಯಾರೋ ಹೇಳಿದ್ದರು. "ಅಜ್ಜ, ರಾತ್ರಿ ಕರಡಿ ಬಂದು ಶವರ್ ತಿರುಗಿಸಿದರೆ?"

"ತಿರುಗಿಸಲಿ ಬಿಡು. ಅದಕ್ಕೂ ಹನ್ನೊಂದೇ ತಂಬಿಗಿ."

ನಾವು ಹೊರಡುವ ದಿನ ಅಪ್ಪ ಮೊದಲ ಸಲ ಶವರಿನ ಕೆಳಗೆ ಹೋದ. ನಾನು ತಡಿಕೆಯ ಈಚೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ನಿಂತೆ. ಜುಳುಜುಳು ಸದ್ದು ಬಂತು. ನಿಂತಿತು. ದಬಕ್ ಎಂದಿತು. ಮತ್ತೆ ಜುಳುಜುಳು, ಮತ್ತೆ ದಬಕ್. ಇದೆಂಥ ಶವರ್ ಎಂದು ಇಣುಕಿದೆ. ಅಪ್ಪ ಝಾರಿಯ ಮೂತಿಯ ಕೆಳಗೆ ಎಡಗೈಯಲ್ಲಿ ತಂಬಿಗೆ ಹಿಡಿದು, ತುಂಬುವ ತನಕ ಕಾದು, ನಲ್ಲಿ ಬಂದ್ ಮಾಡಿ, ತಲೆ ಬಗ್ಗಿಸಿ ಸುರಿದುಕೊಳ್ಳುತ್ತಿದ್ದ.

"ಅಪ್ಪಾ, ಸುಮ್ಮನೆ ಅದರ ಕೆಳಗೆ ನಿಂತ್ಕೊಂಡ್ರೆ ಆತು!"

"ನಿಂತ್ರೆ ಲೆಕ್ಕ ಹೆಂಗೆ ಸಿಗ್ತೈತಲೇ?" ಎಂದ, ಕಣ್ಣು ಮುಚ್ಚಿಕೊಂಡೇ. "ಏಳಾದ್ವು. ಬಂದೀಯಲ್ಲ, ಹಂಗೇ ಬೆನ್ನು ತಿಕ್ಕು. ನಿನ್ನ ಜಾರಿಗೆ ಅದೊಂದು ಬರಂಗಿಲ್ಲ."

ಪ್ಯಾಂಟು ಮಡಚಿ ಒಳಗೆ ಹೋದೆ. ಅಪ್ಪನ ಬೆನ್ನನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ದೂರದಿಂದ ನೋಡಿದ್ದು ಬೇಕಾದಷ್ಟು: ಕುಂಟೆಯ ಹಿಂದೆ, ಸಂತೆಗೆ ಹೋಗುವ ಬಂಡಿಯ ಮುಂದೆ, ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟು ತಿರುಗಿ ನೋಡದೆ ನಡೆದಾಗ. ಆಗೆಲ್ಲ ಅದು ಅಗಲವಾಗಿತ್ತು. ಈಗ ನನ್ನ ಎರಡು ಅಂಗೈಗೆ ಮುಗಿಯಿತು. ಬಲಹೆಗಲ ಕೆಳಗೆ ಚೀಲ ಹೊತ್ತು ಗಟ್ಟಿಯಾದ ಚರ್ಮ, ಬೆನ್ನುಮೂಳೆಯ ಒಂದೊಂದು ಗಂಟೂ ಎಣಿಕೆಗೆ ಸಿಗುತ್ತಿತ್ತು. ಉಜ್ಜುಗಲ್ಲು ತೆಗೆದುಕೊಂಡು ತಿಕ್ಕಿದೆ. "ಜೋರಾಗಿ ತಿಕ್ಕಲೇ, ಬೆಂಗಳೂರಾಗೆ ಉಂಡಿದ್ದು ಎಲ್ಲಿ ಹೋತು?" ಎಂದ. ತಿಕ್ಕಿದೆ. ಹತ್ತನೆಯ ತಂಬಿಗೆ ಕಾಲಿಗೆ ಸುರಿದ. ಹನ್ನೊಂದನೆಯದನ್ನು ನನ್ನ ಕೈಗೆ ಕೊಟ್ಟು ಕರಿಬೇವಿನ ಕಡೆ ಗದ್ದ ಎತ್ತಿದ.

ಬೋರಿನ ನೀರು ಗಡಸು. ಹತ್ತಿಪ್ಪತ್ತು ದಿನಕ್ಕೆ ಜರಡಿಯ ತೂತುಗಳಿಗೆ ಬಿಳಿಯ ಸುಣ್ಣ ಕಟ್ಟಿಕೊಳ್ಳುತ್ತಿತ್ತು. ಮೂತಿ ಬಿಚ್ಚಿ ಹುಣಸೆಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಬೆಳಗ್ಗೆ ಕಣ್ಣು ಬಿಡುತ್ತದೆ ಎಂದು ಅಪ್ಪನೇ ಕಂಡುಹಿಡಿದು, ತಮ್ಮನ ಕೈಲಿ ಫೋನು ಮಾಡಿಸಿ ನನಗೆ ಹೇಳಿದ. ಆ ಫೋನಿನಲ್ಲಿ ಹುಣಸೆಹುಳಿಯ ಮಾತು ಐದು ನಿಮಿಷ, ಹೆಗಲಿನ ಮಾತು ಇಲ್ಲವೇ ಇಲ್ಲ.

ಆ ವರ್ಷ ದೀಪಾವಳಿಗೆ ಹೋದೆ. ನೀರು ತುಂಬುವ ಹಬ್ಬದ ಸಂಜೆ. ಊರಮನೆಗಳಲ್ಲಿ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಬಳ್ಳಿ ಸುತ್ತಿ ನೀರು ತುಂಬುತ್ತಾರೆ. ಹೊಲದಲ್ಲಿ ಹಂಡೆ ಎಲ್ಲಿಯದು? ಬಂಡಿ ಜಾಡು ತಿರುಗಿದೊಡನೆ ದೂರದಿಂದಲೇ ಕಂಡಿತು: ಕಲ್ಲುಕಂಬದ ಮೇಲೆ ಕರಿಯ ಡ್ರಮ್ಮು, ಕೊರಳಲ್ಲಿ ಹಾಗಲಬಳ್ಳಿಯ ಹಾರ, ನಡುವೆ ಅಗಲವಾಗಿ ಮೂರು ಬೆರಳಿನ ಸುಣ್ಣದ ವಿಭೂತಿ. ಇಷ್ಟೆತ್ತರಕ್ಕೆ ಯಾರು ಹತ್ತಿ ಬಳಿದರು ಎಂದು ತಮ್ಮನನ್ನು ಕೇಳಿದೆ. ತಮ್ಮ ಏಣಿಯನ್ನು ತೋರಿಸಿದ, ಅಪ್ಪನನ್ನು ತೋರಿಸಿದ, ಕೈ ಜೋಡಿಸಿದ. ಅಪ್ಪ ಎಡಗೈ ಸುಣ್ಣವನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

ಅಪ್ಪ ಹೋಗಿ ಇದು ಮೂರನೆಯ ವರ್ಷ. ಹೋದ ತಿಂಗಳು ಹೊಲಕ್ಕೆ ಹೋಗಿದ್ದೆ. ಡ್ರಮ್ಮಿನ ಮೇಲಿನ ಮೂರು ಗೆರೆಗಳಲ್ಲಿ ನಡುವಿನದು ಇನ್ನೂ ಇದೆ. ಜರಡಿ ಪೂರಾ ಕಟ್ಟಿಕೊಂಡಿತ್ತು. ಬಿಚ್ಚಿ ಹುಣಸೆಹುಳಿಯಲ್ಲಿ ನೆನೆಹಾಕಿ, ಮಾರನೆಯ ದಿನ ಇಳಿಹೊತ್ತಿಗೆ ಸಿಕ್ಕಿಸಿ ತಿರುವಿದೆ. ನೀರು ಬಂತು, ಬಿಸಿಲುಂಡ ನೀರು. ಗೂಟದಲ್ಲಿದ್ದ ತಂಬಿಗೆ ಇಳಿಸಿಕೊಂಡು, ಆಚೆ ಮೊಬೈಲು ನೋಡುತ್ತಾ ಕೂತಿದ್ದ ತಮ್ಮನನ್ನು ಬೆನ್ನು ತಿಕ್ಕಲು ಕೂಗಿದೆ. ಅವನು ಗೊಣಗುತ್ತಾ ಬಂದ, ಅಂಗಿ ನೆನೆಯಿತೆಂದು ಬೈದ, ಉಜ್ಜುಗಲ್ಲು ಹುಡುಕಿ ತಿಕ್ಕತೊಡಗಿದ. ಗುಡ್ಡದ ಹಿಂದೆ ಹೊತ್ತು ಇಳಿಯುತ್ತಿತ್ತು.

"ಎಷ್ಟಾದ್ವೋ ಅಣ್ಣ?" ಎಂದ.

ಹತ್ತಾಗಿತ್ತು.

"ಆರು," ಎಂದೆ.