ಗಾಡಿಗೂ ಒಂದು ಹಾಜರಿ ಪುಸ್ತಕ

ಶಾಲೆ ಕಾಲೇಜುಗಳಲ್ಲಿ ಹಾಜರಿಗೆ ಇರುವ ಬಿಗಿ ನಮ್ಮ ಸಾರ್ವಜನಿಕ ಬದುಕಿನ ಬೇರೆ ಯಾವ ಲೆಕ್ಕಕ್ಕೂ ಇದ್ದಂತಿಲ್ಲ. ಗಂಟೆ ಹೊಡೆದಾಗ ತರಗತಿಯಲ್ಲಿದ್ದರೆ ಹಾಜರು, ಇಲ್ಲದಿದ್ದರೆ ಗೈರು. ಶೇಕಡಾ 75 ತುಂಬದಿದ್ದರೆ ಪರೀಕ್ಷೆಗೆ ಕೂರುವುದೇ ಕಷ್ಟ. ಯಾದಗಿರಿಯಲ್ಲಿ ಗಣಿತ ಪಾಠ ಹೇಳುತ್ತ, ಬೆಳಗಿನ ಮೊದಲ ಪೀರಿಯಡ್ಡಿನಲ್ಲಿ ಹೆಸರು ಕೂಗುತ್ತ ಬಂದ ನನಗೆ ಗೈರಿನಲ್ಲೂ ಒಂದು ಕ್ರಮ ಕಾಣತೊಡಗಿತು. ಊರಿನ ಮಕ್ಕಳು ಹಾಜರು. ಸೈದಾಪುರ, ನಾಲವಾರದ ಕಡೆಯಿಂದ ಗಾಡಿಗೆ ಬರುವವರು, ಶಹಾಪುರ, ಸುರಪುರದ ಕಡೆಯಿಂದ ಬಸ್ಸಿಗೆ ಬರುವವರು ಒಟ್ಟೊಟ್ಟಿಗೇ ಗೈರು. ಸೋಮಾರಿತನ ಹೀಗೆ ಊರು ನೋಡಿ ಬರುವುದಿಲ್ಲ.

‘ಯಾಕವ್ವಾ, ಇವತ್ತೂ ತಡಾನಾ?’ ಎಂದರೆ ಉತ್ತರ ಸಿದ್ಧ: ‘ಗಾಡಿ ಬಂದದ್ದೇ ತಡಾರೀ ಸರ್. ಬಂದ ಮ್ಯಾಲೂ ಹತ್ತಾಕ ಜಾಗಾ ಇರಲಿಲ್ರೀ.’ ಒಂದೇ ಉಸಿರಿನಲ್ಲಿ ಎರಡು ದೂರು. ಒಂದು ತಡ, ಇನ್ನೊಂದು ನೂಕುನುಗ್ಗಲು. ಇವನ್ನು ಅಳೆಯುವುದು ಹೇಗೆ ಎಂದು ಕೇಳಿಕೊಂಡರೆ ಗಣಿತದ ಮೇಷ್ಟರಿಗೂ ಪಾಠವಾಗುತ್ತದೆ.

ಮೊದಲು ತಡದ ಮಾತು. 1871ರಲ್ಲಿ ಮುಂಬಯಿ ಕಡೆಯ ಹಳಿ ಮತ್ತು ಮದರಾಸು ಕಡೆಯ ಹಳಿ ರಾಯಚೂರಿನಲ್ಲಿ ಬಂದು ಕೂಡಿದವು. ಅಂದಿನಿಂದ ಯಾದಗಿರಿ ಈ ದೊಡ್ಡ ದಾರಿಯ ನಡುವಿನ ಊರು. ನಮ್ಮಲ್ಲಿ ನಿಲ್ಲುವ ಹೆಚ್ಚಿನ ಗಾಡಿಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವಂಥವು. ಇಂಥ ಗಾಡಿ ಸಮಯಕ್ಕೆ ಬಂತೇ ಎಂಬುದನ್ನು ನಮ್ಮ ದೇಶದಲ್ಲಿ ರೂಢಿಯಾಗಿ ಅಳೆಯುವುದು ಅದರ ಕೊನೆಯ ನಿಲ್ದಾಣದಲ್ಲಿ. ವೇಳಾಪಟ್ಟಿಯಲ್ಲೋ, ಕೊನೆಯ ನಿಲ್ದಾಣ ಹತ್ತಿರವಾದಂತೆ ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನು ಸೇರಿಸಿರುತ್ತಾರೆ. ಹಾಗಾಗಿ ನಮ್ಮ ಊರಿಗೆ ಮುಕ್ಕಾಲು ಗಂಟೆ ತಡವಾಗಿ ಬಂದ ಗಾಡಿಯೂ ಕೊನೆಯ ಊರನ್ನು ಸಮಯಕ್ಕೆ ಮುಟ್ಟಿ ‘ಹಾಜರು’ ಎನಿಸಿಕೊಳ್ಳಬಹುದು. ಗೈರಾಗುವವಳು ನಡುವೆ ಇಳಿದ ಹುಡುಗಿ ಮಾತ್ರ. ಬ್ರಿಟನ್ನಿನಲ್ಲೂ ಹಿಂದೆ ಕೊನೆಯ ನಿಲ್ದಾಣವೇ ಮುಖ್ಯವಾಗಿತ್ತು. 2019ರಿಂದ ಅಲ್ಲಿ ದಾರಿಯ ನಿಲುಗಡೆಗಳಲ್ಲೂ ಗಾಡಿ ಒಂದು ನಿಮಿಷದೊಳಗೆ ಬಂತೇ ಎಂದು ನೋಡುವ ಅಳತೆ ಮುಂದೆ ಬಂದಿದೆ.

ಇನ್ನು ನೂಕುನುಗ್ಗಲು. ಇಲ್ಲಿ ಮೋಸ ಮಾಡುವುದು ಸರಾಸರಿ. ಒಂದು ಲೆಕ್ಕ ಹಾಕೋಣ. 90 ಮಂದಿ ಕೂರುವ ಒಂದು ಸಾಮಾನ್ಯ ಬೋಗಿ ಬೆಳಿಗ್ಗೆ 160 ಜನರನ್ನೂ ಮಧ್ಯಾಹ್ನ 20 ಜನರನ್ನೂ ಹೊತ್ತಿತೆನ್ನಿ. ಸರಾಸರಿ 90. ಕಾಗದದ ಮೇಲೆ ಎಲ್ಲರಿಗೂ ಆಸನ ಸಿಕ್ಕಿತು! ಆದರೆ ಆ 180 ಜನರಲ್ಲಿ 160 ಮಂದಿ, ಅಂದರೆ ಪ್ರತಿ ಒಂಬತ್ತರಲ್ಲಿ ಎಂಟು ಮಂದಿ, ಬೆಳಗಿನ ಕಿಕ್ಕಿರಿದ ಬೋಗಿಯಲ್ಲೇ ಇದ್ದವರು. ‘ನಿಮ್ಮ ಬೋಗಿಯಲ್ಲಿ ಎಷ್ಟು ಜನರಿದ್ದರು?’ ಎಂದು ಒಬ್ಬೊಬ್ಬರನ್ನೂ ಕೇಳಿ ಸರಾಸರಿ ತೆಗೆದರೆ ಬರುವುದು ಸುಮಾರು 144. ಗಾಡಿಯನ್ನು ಕೇಳಿದರೆ 90, ಪ್ರಯಾಣಿಕನನ್ನು ಕೇಳಿದರೆ 144. ಎರಡೂ ಸುಳ್ಳಲ್ಲ. ಯಾರನ್ನು ಕೇಳಿದಿರಿ ಎಂಬುದರ ಮೇಲೆ ಉತ್ತರ. ಹತ್ತಲಾಗದೆ ಪ್ಲಾಟ್‌ಫಾರ್ಮಿನಲ್ಲೇ ಉಳಿದವಳಂತೂ ಎರಡು ಲೆಕ್ಕದಲ್ಲೂ ಇಲ್ಲ.

ಮುಂಬಯಿಯ ಲೋಕಲ್ ಗಾಡಿಗಳಲ್ಲಿ ನಿಂತವರ ಒತ್ತಡ ಚದರ ಮೀಟರಿಗೆ 14ರಿಂದ 16 ಮಂದಿ ಮುಟ್ಟಿ, ಅದಕ್ಕೆ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಹೆಸರೇ ಬಂತು. ಜಪಾನಿನವರ ಅಳತೆ ಇನ್ನೂ ಸೊಗಸು. ಎಲ್ಲರಿಗೂ ಆಸನವೋ ಹಿಡಿಯಲು ಪಟ್ಟಿಯೋ ಕಂಬವೋ ಸಿಕ್ಕರೆ ಶೇ 100. ಪತ್ರಿಕೆಯನ್ನು ಅಗಲವಾಗಿ ಬಿಚ್ಚಿ ಓದಲು ಬಂದರೆ ಶೇ 150. ಮಡಚಿ ಓದಬೇಕಾದರೆ 180. ಮೈಗೆ ಮೈ ಒತ್ತಿಯೂ ವಾರಪತ್ರಿಕೆಯನ್ನು ಹೇಗೋ ಓದಬಹುದಾದರೆ 200. ಕೈ ಅಲ್ಲಾಡಿಸಲೂ ಆಗದಿದ್ದರೆ 250. ಈ ಪುರವಣಿಯನ್ನು ಹಿಡಿದು ನೀವೂ ಪರೀಕ್ಷಿಸಬಹುದು! 1970ರ ದಶಕದಲ್ಲಿ ಟೋಕಿಯೊದ ಪ್ರಮುಖ ಮಾರ್ಗಗಳ ಸರಾಸರಿ 200 ದಾಟಿತ್ತು. 2019ರ ಹೊತ್ತಿಗೆ ಸುಮಾರು 163ಕ್ಕೆ ಇಳಿದಿತ್ತು. ಹಳಿ ಹೆಚ್ಚಿಸಿದರು, ಬೋಗಿ ಜೋಡಿಸಿದರು. ಮುಖ್ಯವಾದ ಮಾತೆಂದರೆ, ಅವರು ಅಳೆಯುವುದು ಇಡೀ ದಿನದ ಸರಾಸರಿಯನ್ನಲ್ಲ. ಅತಿ ಹೆಚ್ಚು ಜನ ಓಡಾಡುವ ಆ ಒಂದು ಗಂಟೆಯನ್ನು.

ನಮ್ಮ ಕಡೆ ಇನ್ನೊಂದು ತೊಡಕಿದೆ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಆದರೆ ಶಹಾಪುರ, ಸುರಪುರ ಪಟ್ಟಣಗಳಿಗೆ ಇಂದಿಗೂ ಹಳಿ ಇಲ್ಲ. ಅಲ್ಲಿಂದ ಕಲಬುರಗಿಗೋ ರಾಯಚೂರಿಗೋ ಗಾಡಿಯಲ್ಲಿ ಹೋಗಬೇಕಾದವರು ಮೊದಲು ಬಸ್ ಹತ್ತಬೇಕು. ಬಸ್ ಹತ್ತು ನಿಮಿಷ ತಡವಾದರೆ ಬಸ್ಸಿನ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ. ಗಾಡಿ ಸಮಯಕ್ಕೇ ಹೊರಟಿತು; ಅದರ ಲೆಕ್ಕವೂ ಚೊಕ್ಕ. ನಡುವೆ ನಿಂತವರಿಗೆ ಮಾತ್ರ ಮುಂದಿನ ಗಾಡಿಯವರೆಗೆ ಕಾಯುವ ಪಾಡು. ಈ ಕಾಯುವಿಕೆಯನ್ನು ಬರೆದಿಡಲು ಎರಡು ಕಚೇರಿಗಳಲ್ಲೂ ಪುಸ್ತಕವಿಲ್ಲ. ಸಾಲದ್ದಕ್ಕೆ ವಾಡಿ ದಾಟಿದರೆ ರೈಲ್ವೆಯ ವಲಯವೇ ಬದಲಾಗುತ್ತದೆ.

ತಂದೆ ತಾಯಿಯರಿಗೆ ಒಂದು ಮಾತು. ಸಂಜೆ ಗಾಡಿ ತಡವಾಗಿ ಮಗಳು ಕತ್ತಲಾದ ಮೇಲೆ ಮನೆ ಸೇರಿದರೆ, ‘ಸಾಕು ಬಿಡವ್ವಾ, ಓದಿದ್ದು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಬರುತ್ತದೆ. ತಪ್ಪು ಗಾಡಿಯದು, ಶಿಕ್ಷೆ ಹುಡುಗಿಗೆ. ಅವಳನ್ನು ಬಿಡಿಸುವ ಮೊದಲು ಅವಳ ಕೈಗೆ ಇನ್ನೊಂದು ನೋಟ್‌ಬುಕ್ ಕೊಡಿ. ದಿನಾಂಕ, ಗಾಡಿ ಬರಬೇಕಾದ ಹೊತ್ತು, ಬಂದ ಹೊತ್ತು, ಕೂತದ್ದೋ ನಿಂತದ್ದೋ ಹತ್ತಲಾಗದ್ದೋ, ಮೊದಲ ಪಾಠ ಸಿಕ್ಕಿತೋ ಇಲ್ಲವೋ. ಐದೇ ಕಾಲಂ. ಹತ್ತು ಮಂದಿ ಮೂರು ತಿಂಗಳು ಬರೆದರೆ ಅದು ದೂರು ಅಲ್ಲ, ದಾಖಲೆ. ರೈಲ್ವೆ ವಿಭಾಗಗಳಿಗೆ ಬಳಕೆದಾರರ ಸಲಹಾ ಸಮಿತಿಗಳಿವೆ, ಬಸ್ಸಿಗೆ ಡಿಪೊ ಮ್ಯಾನೇಜರರಿದ್ದಾರೆ, ಕಾಲೇಜಿಗೆ ಪ್ರಾಚಾರ್ಯರಿದ್ದಾರೆ. ಮೂರೂ ಕಡೆ ಅದರ ಪ್ರತಿ ಹೋಗಲಿ.

ಬರಿಗೈಯಲ್ಲಿ ಹೋಗಿ ಕಷ್ಟ ಹೇಳಿಕೊಂಡರೆ ‘ನೋಡೋಣ’ ಎನ್ನುತ್ತಾರೆ. ಲೆಕ್ಕದ ಪುಸ್ತಕ ತೆರೆದು ಮೇಜಿನ ಮೇಲಿಟ್ಟರೆ ನೋಡಲೇಬೇಕಾಗುತ್ತದೆ.