ಸಲಾಂ ಬರೆದರು, ಕೋಲಾರದಲ್ಲಿ ಹುಡುಕಿದರು

ನಮ್ಮ ಸಮುದಾಯದ ಶೈಕ್ಷಣಿಕ ಸಮಾವೇಶಗಳಲ್ಲಿ ಡಾ. ಅಬ್ದುಸ್ಸಲಾಂ ಅವರ ಹೆಸರು ತಪ್ಪದೆ ಕೇಳಿಬರುತ್ತದೆ. ವಿಜ್ಞಾನದಲ್ಲಿ ನೊಬೆಲ್ ಪಡೆದ ಮೊದಲ ಮುಸ್ಲಿಮ್ ಎಂದು ಭಾಷಣಕಾರರು ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಅವರು ಬರೆದದ್ದೇನು ಎಂದು ಕೇಳಿದರೆ ವೇದಿಕೆಯಲ್ಲಿ ಉತ್ತರವಿಲ್ಲ. ಭೌತಶಾಸ್ತ್ರ ಪಾಠ ಮಾಡಿಯೇ ಬದುಕಿದ ನನಗೆ ಈ ಚಪ್ಪಾಳೆ ಯಾಕೋ ಹಿಡಿಸುವುದಿಲ್ಲ.

ಪಂಜಾಬಿನ ಝಂಗ್ ಊರಿನಲ್ಲಿ ಬೆಳೆದ ಸಲಾಂ 1943ರಲ್ಲಿ, 17ರ ವಯಸ್ಸಿನಲ್ಲಿ, ಪ್ರಕಟಿಸಿದ ಮೊದಲ ಪ್ರಬಂಧ ರಾಮಾನುಜನ್ ಅವರ ಒಂದು ಗಣಿತ ಸಮಸ್ಯೆಯನ್ನು ಕುರಿತದ್ದು. ಕೇಂಬ್ರಿಜ್‌ನಲ್ಲಿ ಓದಿ 1951ರಲ್ಲಿ ಲಾಹೋರಿಗೆ ಮರಳಿದಾಗ ಕಾಲೇಜು ಅವರಿಗೆ ಫುಟ್ಬಾಲ್ ತಂಡವನ್ನೂ ಒಪ್ಪಿಸಿತು! ಸಂಶೋಧನೆಯ ಮಾತಾಡಲು ಜೊತೆಗಾರರಿರಲಿಲ್ಲ. 1954ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದರು. ಬಡ ದೇಶಗಳ ವಿಜ್ಞಾನಿಗಳು ಇಂಥ ಒಂಟಿತನ ಅನುಭವಿಸಬಾರದೆಂದೇ 1964ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು.

ವಿದ್ಯುತ್ಕಾಂತ ಬಲವೂ ಪರಮಾಣುವಿನೊಳಗಿನ ದುರ್ಬಲ ಬಲವೂ ಮೂಲದಲ್ಲಿ ಒಂದೇ ಎಂಬ ಅವರ ಪ್ರಬಂಧ 1968ರಲ್ಲಿ ಅಚ್ಚಾದದ್ದು ಒಂದು ವಿಚಾರಗೋಷ್ಠಿಯ ಸಂಪುಟದಲ್ಲಿ. ಗ್ಲಾಶೋ, ವೈನ್‌ಬರ್ಗ್ ಜೊತೆ 1979ರಲ್ಲಿ ನೊಬೆಲ್ ತಂದದ್ದು ಈ ವಿಚಾರವೇ.

ನನಗೆ ಹೆಚ್ಚು ಪ್ರಿಯವಾದದ್ದು ಇನ್ನೊಂದು. ಪ್ರೋಟಾನ್ ಎಂದಿಗೂ ಸಾಯದ ಕಣ ಎಂಬುದು ಆಗಿನ ನಂಬಿಕೆ. ಅದೂ ಒಡೆಯಬಹುದು ಎಂದು ಸಲಾಂ ಮತ್ತು ಒಡಿಶಾ ಮೂಲದ ಜೋಗೇಶ್ ಪತಿ 1973-74ರಲ್ಲಿ ಬರೆದರು. ಅದೇ 1974ರಲ್ಲಿ ಪಾಕಿಸ್ತಾನ ತನ್ನ ಸಂವಿಧಾನ ತಿದ್ದಿ ಅಹ್ಮದಿಯಾಗಳನ್ನು ಮುಸ್ಲಿಮರಲ್ಲ ಎಂದು ಘೋಷಿಸಿತು. ಸಲಾಂ ಅಹ್ಮದಿಯಾ, ಪ್ರತಿಭಟಿಸಿ ದೇಶ ಬಿಟ್ಟರು. 1996ರಲ್ಲಿ ತೀರಿಕೊಂಡ ಅವರ ಗೋರಿಕಲ್ಲಿನ ಮೇಲಿದ್ದ ‘ಮುಸ್ಲಿಮ್’ ಎಂಬ ಪದವನ್ನೂ ಅಳಿಸಲಾಯಿತು. ಪಂಥದ ಬಗ್ಗೆ ಉಲಮಾಗಳ ನಿಲುವು ನನಗೆ ಗೊತ್ತು, ಆ ಚರ್ಚೆಗೆ ನಾನು ಇಳಿಯಲಾರೆ. ಆದರೆ ಗೋರಿಯ ಮೇಲೆ ಅಳಿಸಿದ ಪದವನ್ನೇ ನಾವು ಭಾಷಣದಲ್ಲಿ ಹೆಮ್ಮೆಯಿಂದ ಬಳಸುತ್ತೇವಲ್ಲ!

ಪ್ರೋಟಾನಿನ ಸಾವು ಎಷ್ಟು ಅಪರೂಪವೆಂದರೆ, ಟನ್ನುಗಟ್ಟಲೆ ಕಬ್ಬಿಣವಿಟ್ಟು ವರ್ಷಗಟ್ಟಲೆ ಕಾಯಬೇಕು. ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಕಾಟ ತಪ್ಪಿಸಲು ನೆಲದ ಆಳಕ್ಕೆ ಇಳಿಯಬೇಕು. ಅಂಥ ಆಳ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು 1980ರಲ್ಲಿ ಅಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ, ಸುಮಾರು 140 ಟನ್ ತೂಕದ ಉಪಕರಣವಿಟ್ಟು ಕಾದರು. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದು, “ನಮ್ಮ ತಾತ ಇಳೀತಿದ್ದ ಗಣೀನಾ ಸಾರ್?” ಎಂದಿದ್ದ.

ಕೆಲವು ಕುರುಹುಗಳು ಸಿಕ್ಕಿವೆಯೆಂದು ವಿಜ್ಞಾನಿಗಳು ಪ್ರಕಟಿಸಿದರು. ಅಮೆರಿಕ, ಜಪಾನುಗಳ ದೊಡ್ಡ ಉಪಕರಣಗಳಿಗೆ ಅಂಥದ್ದು ಕಾಣಲಿಲ್ಲ. 2001ರಲ್ಲಿ ಗಣಿಯೇ ಮುಚ್ಚಿತು. ಪ್ರೋಟಾನ್ ಸಾಯುವುದನ್ನು ಖಚಿತವಾಗಿ ಕಂಡವರು ಇನ್ನೂ ಇಲ್ಲ. ಜಪಾನಿನ ಬೆಟ್ಟವೊಂದರ ಅಡಿಯಲ್ಲಿ, ಕಬ್ಬಿಣದ ಬದಲು ನೀರು ತುಂಬಿಸಿಟ್ಟು ಹುಡುಕುತ್ತಿದ್ದಾರೆ.