ಹಂಚು ಬಂದಾಗ ಗುತ್ತಿನ ಮನೆ

ಮಂಗಳೂರಿನ ಬಲ್ಲಾಳ್‌ಬಾಗ್ ಇಂದು ಬಹುಮಹಡಿ ಕಟ್ಟಡಗಳ, ವಾಹನಗಳ ಗದ್ದಲದ ಪ್ರದೇಶ. ಇದರ ನಡುವೆ ಕೊಡಿಯಾಲ್‌ಗುತ್ತು ಎಂಬ ಹಳೆಯ ಮನೆಯೊಂದು ಉಳಿದುಕೊಂಡಿದೆ. ಕೊಂಕಣಿಯಲ್ಲಿ ಕೊಡಿಯಾಲ್ ಎಂದರೆ ಮಂಗಳೂರು. ಗುತ್ತು ಎಂದರೆ ತುಳುನಾಡಿನಲ್ಲಿ ಊರಿನ ಮುಂದಾಳುತನ ವಹಿಸಿದ ಮನೆತನ. ಪಕ್ಕದ ಕೊಡಿಯಾಲ್‌ಬೈಲಿನ ‘ಬೈಲು’ ಇಲ್ಲಿ ಗದ್ದೆಗಳಿದ್ದುದನ್ನು ಹೇಳುತ್ತದೆ.

ಗುತ್ತಿನ ಮನೆ ಎಷ್ಟೇ ದೊಡ್ಡದಿರಲಿ, ಮೂಲತಃ ಅದು ಬೇಸಾಯಗಾರರ ಮನೆ. ಮುಂದೆ ಅಂಗಳ, ಅಲ್ಲಿ ಬೈಹುಲ್ಲಿನ ಹಗ್ಗ ಸುತ್ತಿ ಭತ್ತ ಕಾಪಿಡುವ ತುಪ್ಪೆ. ಅಂಗಳದಿಂದ ಮೇಲೇರಿದರೆ ಊರಿನ ನ್ಯಾಯ ತೀರ್ಮಾನವಾಗುತ್ತಿದ್ದ ಚಾವಡಿ. ಒಳಗೆ ಮರದ ಕಲೆಂಬಿ, ದೈವದ ಕೋಣೆ, ಅಡುಗೆಮನೆ.

ಗೋಡೆಗೆ ಮಣ್ಣು, ಇಲ್ಲವೇ ಮುರಕಲ್ಲು. ಈ ಕಲ್ಲು ನೆಲದೊಳಗಿರುವಾಗ ಮೆದು. ಕಡಿದು ತೆಗೆದು ಗಾಳಿಗೆ ಒಡ್ಡಿದರೆ, ಅದರಲ್ಲಿರುವ ಕಬ್ಬಿಣದ ಅಂಶದಿಂದಾಗಿ ಗಟ್ಟಿಯಾಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕನನ್ ಇದನ್ನು ‘ಲ್ಯಾಟರೈಟ್’ ಎಂದು ಕರೆದ. ಲ್ಯಾಟಿನ್ನಿನ ‘ಇಟ್ಟಿಗೆ’ ಎಂಬ ಪದದಿಂದ ಬಂದ ಹೆಸರಿದು.

ಮಾಡಿಗೆ ಹೊದೆಸುತ್ತಿದ್ದುದು ಮುಳಿಹುಲ್ಲು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ನೀರು ಒಳಗಿಳಿಯುವ ಮೊದಲೇ ಜಾರಿಹೋಗಬೇಕಾದರೆ ಮಾಡು ಕಡಿದಾಗಿರಲೇಬೇಕು. ಮತ್ತೆ ಮತ್ತೆ ಹೊಸ ಹುಲ್ಲು ಹೊದೆಸುವ ಕೆಲಸ, ಜೊತೆಗೆ ಬೆಂಕಿಯ ಭಯ ಬೇರೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಅಂಚಿನ ಗಾಡಿಯಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಇಂಥ ಹಂಚನ್ನು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲೇ ರೂಪಿಸಿದ್ದರು. ನೇತ್ರಾವತಿ ದಂಡೆಯ ಆವೆಮಣ್ಣು ಆ ಆಕಾರ ತಳೆದು ‘ಮಂಗಳೂರು ಹಂಚು’ ಎಂದು ಹೆಸರಾಯಿತು. ಕ್ರಮೇಣ ಗುತ್ತಿನ ಮನೆಗಳ ಹುಲ್ಲು ಇಳಿಯಿತು, ಪಕ್ಕಾಸು–ರೀಪುಗಳ ಮೇಲೆ ಹಂಚು ಏರಿತು. ನಡುವೆ ಒಂದೆರಡು ಗಾಜಿನ ಹಂಚು ಕೂರಿಸಿದ್ದರಿಂದ ಕತ್ತಲ ಅಡುಗೆಮನೆಗೂ ಬೆಳಕು ಇಳಿಯಿತು. ಹಂಚಿನ ಸಂದುಗಳಲ್ಲಿ ಹೊಗೆ ಹೊರಗೆ ಹೋಯಿತು.

ಇಂಗ್ಲೆಂಡಿನ ಮಧ್ಯಯುಗದ ರೈತರ ಮನೆಗಳ ಕಥೆಯೂ ಇಂಥದೇ. ನಡುಕೋಣೆಯ ಒಲೆಯ ಹೊಗೆ ಛಾವಣಿಯ ಮೂಲಕವೇ ಹೋಗಬೇಕಿತ್ತು. 16ನೇ ಶತಮಾನದಿಂದೀಚೆಗೆ ಹೊಗೆಗೂಡು ಬಂದು, ಮೇಲೆ ಉಪ್ಪರಿಗೆ ಎದ್ದಿತು. ಹಲವು ಮನೆಗಳ ತೊಲೆಗಳಲ್ಲಿ ಹಳೆಯ ಮಸಿ ಇಂದಿಗೂ ಇದೆ.

ಮಳೆ, ಬೆಂಕಿ, ಹೊಗೆ ಮನೆಯನ್ನು ಬದಲಿಸಿದವು, ಆದರೆ ಕೆಡವಲಿಲ್ಲ. ಮುಂದಿನ ಬದಲಾವಣೆ ಬಂದುದು ಕಾನೂನಿನಿಂದ. 1949ರ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಅದು ನ್ಯಾಯವೇ ಆಗಿತ್ತು. ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ಮನೆಗಳನ್ನು ನೋಡಿಕೊಳ್ಳುವವರು ಇಲ್ಲದಾದರು. ಅನೇಕ ಮನೆಗಳು ದೈವದ ನೇಮಕ್ಕೆಂದು ವರ್ಷಕ್ಕೊಮ್ಮೆ ಮಾತ್ರ ತೆರೆಯುತ್ತವೆ. ಕೆಲವು ಮನೆಗಳ ಕೆತ್ತನೆಯ ಕಂಬ, ದಾರಂದಗಳು ಮಾರಾಟವಾಗಿ ಹೋಗಿವೆ.

ಕೊಡಿಯಾಲ್‌ಗುತ್ತು ಕಲೆ–ಸಂಸ್ಕೃತಿಯ ಕೇಂದ್ರವಾಗಿ ಹೊಸ ಬದುಕು ಕಂಡಿದೆ. ಪಿಲಿಕುಳದಲ್ಲಿ ಗುತ್ತಿನ ಮನೆಯ ಮಾದರಿಯೇ ಇದೆ. ಹೆತ್ತವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ತೋರಿಸಬಹುದು. ಬಳಿಕ ಊರಿನ ಅಜ್ಜಿಮನೆಗೆ ಹೋದಾಗ ಮಕ್ಕಳು ಗೋಡೆಯ ದಪ್ಪ ಅಳೆಯಲಿ, ನಕ್ಷೆ ಬರೆಯಲಿ, ಹುಲ್ಲಿನ ಮಾಡು ಯಾವಾಗ ಹೋಯಿತೆಂದು ಅಜ್ಜಿಯನ್ನು ಕೇಳಲಿ. ಅದನ್ನು ಕಂಡು ಬಲ್ಲವರು ಇನ್ನು ಹೆಚ್ಚು ಮಂದಿ ಉಳಿದಿಲ್ಲ.